ಹಸುರು ಕಾಯ್ದ ಟಾಮ್ ಮಾರಿಸ್

ಗಾಲ್ಫ್ ಎಂದೊಡನೆ ನಮ್ಮ ಸೀಮೆಯ ಹಿರಿಯರಿಗೆ ನೆನಪಾಗುವವರು ಕೋಲಾರದ ಚಿನ್ನದ ಗಣಿಯ ದೊರೆಗಳು. ೧೮೮೦ರಲ್ಲಿ ಜಾನ್ ಟೇಲರ್ ಕಂಪೆನಿಯವರು ಗಣಿಯ ಕೆಲಸಕ್ಕೆ ಕೈ ಹಾಕಿದ ಮೇಲೆ ಅಲ್ಲಿಗೆ ಬಂದು ನೆಲೆಸಿದ ಬಿಳಿಯ ಅಧಿಕಾರಿಗಳು ತಮ್ಮ ನಾಡಿನ ಬಂಗಲೆ, ಚರ್ಚು, ಕ್ಲಬ್ಬುಗಳ ಜೊತೆಗೆ ಗಾಲ್ಫ್ ಮೈದಾನವನ್ನೂ ಮಾಡಿಕೊಂಡರು. ಪಾತಾಳದಲ್ಲಿ ಕೂಲಿಯವರು ಬಂಡೆ ಒಡೆಯುತ್ತಿರುವಾಗ ಮೇಲೆ, ಬಿಸಿಲು ಇಳಿದ ಹೊತ್ತಿನಲ್ಲಿ, ದೊರೆಗಳು ಚೆಂಡನ್ನು ಕುಳಿಯಿಂದ ಕುಳಿಗೆ ಹೊಡೆದುಕೊಂಡು ಹೋಗುತ್ತಿದ್ದರು. ನನ್ನ ತಾತ ಬಂಗಾರಪೇಟೆ ಕಡೆಯ ಹಳ್ಳಿಯವರು. ೧೯೫೦ರ ದಶಕದಲ್ಲಿ, ಹತ್ತು ಹನ್ನೆರಡು ವಯಸ್ಸಿನ ಹುಡುಗನಾಗಿದ್ದಾಗ, ಅವರು ಆ ಮೈದಾನದಲ್ಲಿ ಕೋಲುಗಳ ಚೀಲ ಹೊರುತ್ತಿದ್ದರು. ಯಾವ ಪೊದೆಯಲ್ಲಿ ಚೆಂಡು ಅಡಗಿದ್ದರೂ ಹುಡುಕಿ ತರುವುದರಲ್ಲಿ ತಮ್ಮನ್ನು ಮೀರಿಸಿದವರಿರಲಿಲ್ಲವೆಂದು ಇಂದಿಗೂ ಹೆಮ್ಮೆಪಡುತ್ತಾರೆ. ಒಂದು ಸಲವಾದರೂ ನೀವು ಹೊಡೆದಿರಾ ತಾತ ಎಂದು ಕೇಳಿದರೆ ಮಾತ್ರ, ಕೇಳಬಾರದ್ದನ್ನು ಕೇಳಿದವನಂತೆ ನನ್ನ ಮುಖ ನೋಡುತ್ತಾರೆ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಗಾಲ್ಫ್ ಎಂಬುದು ದೊರೆಗಳ ಆಟ, ನಮ್ಮಂಥವರ ಪಾಲಿಗೆ ಚೀಲ ಹೊರುವುದಷ್ಟೇ ಬಂದದ್ದು ಎಂದು ನಾನೂ ನಂಬಿದ್ದೆ. ಆ ಆಟದ ತವರೂರಿನಲ್ಲಿ ಹುಟ್ಟಿ, ಅಲ್ಲಿಯ ಮೈದಾನವನ್ನು ಸುಮಾರು ನಾಲ್ಕು ದಶಕ ಕಾಯ್ದ ಟಾಮ್ ಮಾರಿಸರ ಚರಿತ್ರೆಯನ್ನು ಓದಿದ ಮೇಲೆ ಆ ನಂಬಿಕೆ ಸಡಿಲವಾಯಿತು. ಗಾಲ್ಫ್ ಬಲ್ಲವರಿಗೆ ಇವರ ಹೆಸರು, ಸಂಗೀತ ಬಲ್ಲವರಿಗೆ ಪುರಂದರದಾಸರ ಹೆಸರಿದ್ದಂತೆ. ಆದರೆ ನಮ್ಮ ಕನ್ನಡ ವಾಚಕರಿಗೆ ಇವರ ಪರಿಚಯ ಅಷ್ಟಾಗಿ ಇಲ್ಲ. ಆದುದರಿಂದ ಈ ಬರೆಹ.

ಸ್ಕಾಟ್ಲೆಂಡಿನ ಪೂರ್ವದ ಕಡಲ ತೀರದಲ್ಲಿ ಸೇಂಟ್ ಆಂಡ್ರೂಸ್ ಎಂಬ ಸಣ್ಣ ಊರಿದೆ. ಹದಿನೈದನೆಯ ಶತಮಾನದ ವಿಶ್ವವಿದ್ಯಾನಿಲಯ, ಮುರಿದು ಬಿದ್ದ ದೊಡ್ಡ ಕೆಥೆಡ್ರಲ್ಲು, ಬೆಸ್ತರ ಮನೆಗಳು. ಊರ ಪಕ್ಕದಲ್ಲಿ ಕಡಲಿನವರೆಗೂ ಹಬ್ಬಿದ ಮರಳು ನೆಲ, ಅದರ ಮೇಲೆ ಗಿಡ್ಡ ಹುಲ್ಲು. ಉಳುಮೆಗೆ ಬಾರದ ನೆಲ. ಅಲ್ಲಿ ಕುರಿ ಮೇಯುತ್ತಿದ್ದವು, ಹೆಂಗಸರು ಬಟ್ಟೆ ಒಣಹಾಕುತ್ತಿದ್ದರು, ಊರವರು ಗಾಲ್ಫ್ ಆಡುತ್ತಿದ್ದರು. ಗಾಳಿಗೆ ಹೆದರಿ ಕುರಿಗಳು ಒತ್ತಿ ಮಲಗಿದ ಕಡೆ ಹುಲ್ಲು ಸವೆದು ಗುಣಿ ಬಿದ್ದು, ಅವೇ ಇಂದು ಆಟಗಾರರನ್ನು ಕಾಡುವ ಮರಳುಗುಣಿಗಳಾದವೆಂದು ಹೇಳುತ್ತಾರೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಅದು ಆ ಊರಿನ ಗೋಮಾಳ. ಅಲ್ಲಿ ಆಡುವ ಹಕ್ಕು ಊರ ಜನರದೆಂದು ೧೫೫೨ರಲ್ಲಿಯೇ ಬರೆದ ಪತ್ರವಿದೆ.

ಗೋಮಾಳವೆಂದ ಮೇಲೆ ಒತ್ತುವರಿಯೂ ಇರಬೇಕಷ್ಟೆ! ೧೭೯೭ರಲ್ಲಿ ಊರ ಆಡಳಿತ ಸಾಲದಲ್ಲಿ ಮುಳುಗಿ ಆ ನೆಲವನ್ನೇ ಮಾರಿಬಿಟ್ಟಿತು. ಅದು ಮೊಲದ ವ್ಯಾಪಾರಿಗಳ ಕೈ ಸೇರಿ, ಆಟದ ನೆಲದ ತುಂಬ ಮೊಲದ ಬಿಲಗಳಾದವು. ಊರವರು ಸುಮ್ಮನಿರದೆ ಮೊಲಗಳನ್ನು ಹಿಡಿದರು, ಕೊಂದರು. ಹೊಡೆದಾಟ, ಕೋರ್ಟು ವ್ಯಾಜ್ಯ ಎಲ್ಲವೂ ಇಪ್ಪತ್ತು ವರ್ಷ ನಡೆದವು. ಕೊನೆಗೆ ಜೇಮ್ಸ್ ಚೀಪ್ ಎಂಬ ನೆರೆಯ ಜಮೀನುದಾರರು ಆ ನೆಲವನ್ನು ಕೊಂಡು ಗಾಲ್ಫಿಗಾಗಿ ಉಳಿಸಿದರು. ಅದು ೧೮೨೧ನೆಯ ಇಸವಿ. ಅದೇ ವರ್ಷ ಜೂನ್ ೧೬ರಂದು ಆ ಊರಿನ ಕೈಮಗ್ಗದ ನೇಕಾರ ಜಾನ್ ಮಾರಿಸರ ಮನೆಯಲ್ಲಿ ಟಾಮ್ ಹುಟ್ಟಿದ.

ಯಂತ್ರದ ಗಿರಣಿಗಳು ಬಂದು ಕೈಮಗ್ಗದ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದ ಕಾಲ. ತಂದೆ ಊರ ಕಾಗದ ಹಂಚುವ ಕೆಲಸವನ್ನೂ ಮಾಡುತ್ತಿದ್ದರು. ನಿಜವಾದ ಚೆಂಡು ಕೊಳ್ಳಲು ಆ ಕೇರಿಯ ಮಕ್ಕಳಿಗೆ ಎಲ್ಲಿಯ ಹಣ? ಸೀಸೆಯ ಬಿರಡೆಗೆ ಮೊಳೆ ಚುಚ್ಚಿ ಭಾರ ಮಾಡಿಕೊಂಡು, ಸಿಕ್ಕಿದ ಕೋಲಿನಿಂದ ಬೀದಿಯುದ್ದಕ್ಕೂ ಹೊಡೆದುಕೊಂಡು ಹೋಗುವುದೇ ಅವರ ಗಾಲ್ಫ್. ನಮ್ಮ ಹಳ್ಳಿಯ ಚಿಣ್ಣಿದಾಂಡನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇಲ್ಲಿ ಒಂದು ಪಕ್ಕದ ಮಾತು. ಟಾಮ್ ಹುಡುಗನಾಗಿದ್ದಾಗ, ೧೮೩೩ರಲ್ಲಿ, ಆ ಊರಿನಲ್ಲಿ ಒಂದು ಶಾಲೆ ತೆರೆಯಿತು. ಅದರ ಹೆಸರು ಮದ್ರಾಸ್ ಕಾಲೇಜು! ಆ ಊರಿನವರೇ ಆದ ಆಂಡ್ರೂ ಬೆಲ್ ಎಂಬವರು ಮದ್ರಾಸಿನ ಅನಾಥಾಲಯದಲ್ಲಿ ಪಾಠ ಹೇಳುತ್ತಿದ್ದಾಗ, ಮಲಬಾರಿನ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಾ ಒಬ್ಬರಿಗೊಬ್ಬರು ಕಲಿಸುವುದನ್ನು ಕಂಡು, ಅದೇ ಕ್ರಮವನ್ನು ತಮ್ಮ ನಾಡಿಗೆ ಕೊಂಡೊಯ್ದರು; ಅವರು ಬಿಟ್ಟುಹೋದ ಹಣದಿಂದ ಈ ಶಾಲೆಯಾಯಿತು. ನಮ್ಮ ಕೂಲಿಮಠದ ಮರಳು ಎಲ್ಲಿಗೆಲ್ಲ ಹೋಗಿದೆ ನೋಡಿ. ಮಾರಿಸರ ಬಾಳಿನಲ್ಲಿಯೂ ಮರಳಿನ ಪಾತ್ರ ದೊಡ್ಡದೇ. ಅದು ಮುಂದೆ ಬರುತ್ತದೆ.

ಹದಿನಾಲ್ಕನೆಯ ವಯಸ್ಸಿನಲ್ಲಿ ಟಾಮ್, ಆಲನ್ ರಾಬರ್ಟ್‌ಸನ್ ಎಂಬವರ ಬಳಿ ಚೆಂಡು ಮಾಡುವ ಕೆಲಸ ಕಲಿಯಲು ಸೇರಿದ. ಆಲನ್ ಆ ಕಾಲದ ಅಗ್ರಗಣ್ಯ ಆಟಗಾರರು. ಚೆಂಡು ಮಾಡುವುದು ಅವರ ಮನೆತನದ ಕಸುಬು. ಆ ಚೆಂಡುಗಳ ಒಳಗೆ ತುಂಬಿರುತ್ತಿದ್ದುದು ಹಕ್ಕಿಯ ಗರಿ. ಚರ್ಮದ ತುಂಡುಗಳನ್ನು ಹೊಲಿದು, ಸಣ್ಣ ಬಾಯಿ ಬಿಟ್ಟು, ಒಂದು ಟೋಪಿಯ ತುಂಬ ಹಿಡಿಯುವಷ್ಟು ಬೇಯಿಸಿದ ಗರಿಗಳನ್ನು ಕಬ್ಬಿಣದ ಸಲಾಕಿಯಿಂದ, ಎದೆಯ ಬಲ ಹಾಕಿ, ಒಳಗೆ ತುರುಕಬೇಕು. ಆಮೇಲೆ ಬಾಯಿ ಹೊಲಿದು ಒಣಗಿಸಿದರೆ ಚರ್ಮ ಕುಗ್ಗುತ್ತದೆ, ಗರಿ ಹಿಗ್ಗುತ್ತದೆ, ಚೆಂಡು ಕಲ್ಲಿನಂತಾಗುತ್ತದೆ. ಕೈ ಪಳಗಿದವನೂ ದಿನಕ್ಕೆ ಮೂರು ನಾಲ್ಕು ಮಾಡಿದರೆ ಹೆಚ್ಚು. ಬೆಲೆ ವಿಪರೀತ. ಮಳೆಯಲ್ಲಿ ನೆನೆದರೆ ಬಿರಿದು ಹೋಗುವುದು. ನಾಲ್ಕು ವರ್ಷ ಕಲಿಯುವವನಾಗಿ, ಐದು ವರ್ಷ ಕೂಲಿಯ ಕಸುಬುದಾರನಾಗಿ ಟಾಮ್ ಈ ಕೆಲಸ ಮಾಡಿದ. ನಡುನಡುವೆ ಗುರುವಿನ ಜೊತೆ ಜೋಡಿಯಾಗಿ ಪಣದ ಪಂದ್ಯಗಳನ್ನು ಆಡಿದ. ಆ ಜೋಡಿಯನ್ನು ಸಮಪಂದ್ಯದಲ್ಲಿ ಸೋಲಿಸಿದವರಿಲ್ಲವೆಂದು ಪ್ರತೀತಿ.

೧೮೪೮ರ ಸುಮಾರಿಗೆ ಮಲಯದ ಕಾಡಿನ ಮರದ ಹಾಲಿನಿಂದ ಮಾಡಿದ ಗಟ್ಟಪರ್ಚ ಎಂಬ ಅಂಟಿನ ಚೆಂಡು ಬಂದಿತು. ಬಿಸಿನೀರಿನಲ್ಲಿ ಮೆದುಮಾಡಿ ಉಂಡೆ ಕಟ್ಟಿದರೆ ಆಯಿತು. ಅಗ್ಗ, ಗಟ್ಟಿ, ಮಳೆಗೆ ಜಗ್ಗದು. ಬಡವನೂ ಆಡಬಹುದಾದ ಚೆಂಡು. ಆದರೆ ಗರಿಯ ಚೆಂಡನ್ನೇ ನಂಬಿದ ಆಲನ್‌ರಿಗೆ ಅದು ಯಮನ ಹಾಗೆ ಕಂಡಿತು. ಒಮ್ಮೆ ಆಟದ ನಡುವೆ ಟಾಮ್ ಬಳಿಯ ಚೆಂಡುಗಳು ಮುಗಿದು, ಜೊತೆಯವರು ಕೊಟ್ಟ ಅಂಟಿನ ಚೆಂಡಿನಿಂದ ಆಡುತ್ತಿದ್ದುದನ್ನು ಗುರು ಕಂಡರು. ಮಾತಿಗೆ ಮಾತು ಬೆಳೆದು ಅನ್ನದ ಋಣ ಹರಿಯಿತು. ನೇಕಾರ ತಂದೆಯ ಮಗ್ಗವನ್ನು ಯಂತ್ರ ಸೋಲಿಸಿದ್ದನ್ನು ಕಣ್ಣಾರೆ ಕಂಡಿದ್ದ ಮಗನಿಗೆ, ಹೊಸದನ್ನು ತಡೆದು ನಿಲ್ಲಿಸಲಾಗದೆಂಬುದು ಗುರುವಿಗಿಂತ ಬೇಗ ತಿಳಿದಿರಬೇಕು ಎಂದು ನನಗೆ ತೋರುತ್ತದೆ.

೧೮೫೧ರಲ್ಲಿ ಪಶ್ಚಿಮ ತೀರದ ಪ್ರೆಸ್ಟ್‌ವಿಕ್ ಎಂಬಲ್ಲಿ ಹೊಸ ಕ್ಲಬ್ಬು ಸ್ಥಾಪನೆಯಾಗಿ, ಅದರ ಹಸುರಿನ ಪಾಲಕರಾಗಿ ಮಾರಿಸರಿಗೆ ಕರೆ ಬಂದಿತು. ಹೆಂಡತಿ ಆಗ್ನೆಸ್, ಕೆಲವು ತಿಂಗಳ ಕೂಸು ಟಾಮಿ, ಇವರೊಡನೆ ಅಲ್ಲಿಗೆ ಹೋದ ಮಾರಿಸರು ಮರಳುದಿಬ್ಬಗಳ ನಡುವೆ ಹನ್ನೆರಡು ಕುಳಿಗಳ ಮೈದಾನವನ್ನು ಮಾಡಿದರು. ೧೮೬೦ರ ಅಕ್ಟೋಬರ್ ೧೭ರಂದು ಅಲ್ಲಿಯೇ ಮೊದಲ ಓಪನ್ ಪಂದ್ಯ ನಡೆಯಿತು. ಇಂದು ಜಗತ್ತೇ ನೋಡುವ ಆ ಪಂದ್ಯದಲ್ಲಿ ಅಂದು ಇದ್ದವರು ಎಂಟು ಜನ. ಬಹುಮಾನ ಬೆಳ್ಳಿಯ ಕೊಂಡಿಯ ಕೆಂಪು ಚರ್ಮದ ಸೊಂಟಪಟ್ಟಿ; ಹಣವಿಲ್ಲ. ಮೂವತ್ತಾರು ಕುಳಿಗಳಿಗೆ ವಿಲ್ಲಿ ಪಾರ್ಕ್ ೧೭೪ ಹೊಡೆತ ತೆಗೆದುಕೊಂಡು ಗೆದ್ದರು. ಮಾರಿಸರು ಎರಡು ಹೊಡೆತಗಳಿಂದ ಹಿಂದೆ ಬಿದ್ದರು. (ಈ ಆಟದಲ್ಲಿ ಕಡಿಮೆ ಹೊಡೆದವನೇ ಗೆದ್ದವನು.) ಆದರೆ ೧೮೬೧, ೧೮೬೨, ೧೮೬೪, ೧೮೬೭ ಹೀಗೆ ನಾಲ್ಕು ಸಲ ಪಟ್ಟಿ ಅವರದಾಯಿತು. ೧೮೬೨ರಲ್ಲಿ ಹದಿಮೂರು ಹೊಡೆತಗಳ ಅಂತರ. ದೊಡ್ಡ ಪಂದ್ಯಗಳಲ್ಲಿ ಅದನ್ನು ಮುರಿಯಲು ೨೦೦೦ದಲ್ಲಿ ಟೈಗರ್ ವುಡ್ಸ್ ಬರಬೇಕಾಯಿತು. ೧೮೬೪ರಲ್ಲಿ ಗೆದ್ದವರಿಗೆ ಮೊದಲ ಬಾರಿಗೆ ಹಣವನ್ನೂ ಕೊಟ್ಟರು: ಆರು ಪೌಂಡು. ೧೮೬೭ರಲ್ಲಿ ನಲವತ್ತಾರು ವಯಸ್ಸಿನ ಅವರು ಗೆದ್ದುದೇ ಇಂದಿಗೂ ಓಪನ್ ಗೆದ್ದವರಲ್ಲಿ ಅತಿ ಹಿರಿಯ ವಯಸ್ಸು.

ಇಂಥವರಿಗೂ ಒಂದು ದೌರ್ಬಲ್ಯ. ಕುಳಿಯ ಬಾಯಲ್ಲೇ ಇರುವ ಚೆಂಡನ್ನು ತಟ್ಟುವಾಗ ಕೈ ನಡುಗುತ್ತಿತ್ತು. ಅದು ಎಷ್ಟು ಪ್ರಸಿದ್ಧವೆಂದರೆ, ಯಾರೋ ತುಂಟರು ಹೆಸರನ್ನೇ ಬರೆಯದೆ, ಹತ್ತಿರದ ಹೊಡೆತ ತಪ್ಪಿಸುವವರಿಗೆ ಎಂದು ಮಾತ್ರ ವಿಳಾಸ ಹಾಕಿ ಪ್ರೆಸ್ಟ್‌ವಿಕ್ಕಿಗೆ ಕಾಗದ ಬರೆದರೆ ಅಂಚೆಯವನು ನೇರವಾಗಿ ತಂದು ಮಾರಿಸರ ಕೈಗೇ ಕೊಟ್ಟನಂತೆ! ಮಾರಿಸರು ಅದನ್ನು ತಾವೇ ಹೇಳಿಕೊಂಡು ನಗುತ್ತಿದ್ದರು.

ಪಂದ್ಯ ಗೆದ್ದವರು ಅನೇಕರುಂಟು. ಮಾರಿಸರ ನಿಜವಾದ ಬಾಳು ತೊಡಗುವುದು ಅವರು ತಮ್ಮೂರಿಗೆ ಹಿಂದಿರುಗಿದ ಮೇಲೆ. ೧೮೬೪ರ ಕೊನೆಗೆ ಸೇಂಟ್ ಆಂಡ್ರೂಸಿನ ಕ್ಲಬ್ಬು ಅವರನ್ನು ವರ್ಷಕ್ಕೆ ಐವತ್ತು ಪೌಂಡು ಸಂಬಳದ ಮೇಲೆ ಕರೆಸಿಕೊಂಡಿತು. ಕೈಗೆ ಕೊಟ್ಟ ಉಪಕರಣಗಳು ಒಂದು ತಳ್ಳುಗಾಡಿ, ಒಂದು ಗುದ್ದಲಿ, ಒಂದು ಸಲಿಕೆ. ಮೈದಾನವೋ ಆಟದ ಭರಾಟೆಯಲ್ಲಿ ಬೋಳಾಗಿತ್ತು. ಪ್ರೆಸ್ಟ್‌ವಿಕ್ಕಿನಲ್ಲಿದ್ದಾಗ ಒಮ್ಮೆ ಗಾಡಿಯ ಮರಳು ಅಕಸ್ಮಾತ್ತಾಗಿ ಹುಲ್ಲಿನ ಮೇಲೆ ಚೆಲ್ಲಿ, ಚೆಲ್ಲಿದ ಕಡೆಯೇ ಹುಲ್ಲು ಸೊಂಪಾಗಿ ಬೆಳೆದುದನ್ನು ಅವರು ಗಮನಿಸಿದ್ದರಂತೆ. ಇಲ್ಲಿ ಅದನ್ನೇ ಪದ್ಧತಿ ಮಾಡಿಕೊಂಡರು. ಮರಳು ಹರಡಿದಾಗ ಬೇರಿಗೆ ಗಾಳಿ ಆಡುತ್ತದೆ, ನೀರು ಬಸಿಯುತ್ತದೆ, ಉಬ್ಬುತಗ್ಗು ಸಮವಾಗುತ್ತದೆ. ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುವ ನಮ್ಮ ಕೋಲಾರದ ರೈತನಿಗೆ ಈ ಯುಕ್ತಿಯ ಮರ್ಮ ತಟ್ಟನೆ ತಿಳಿದೀತು. ಇಂದು ಭೂಮಂಡಲದ ಅನೇಕ ಗಾಲ್ಫ್ ಮೈದಾನಗಳಲ್ಲಿ ಹೀಗೆ ಮರಳು ಹರಡುತ್ತಾರೆ.

ಆ ಮೈದಾನದಲ್ಲಿ ಒಂದು ಸುತ್ತು ಹೇಗಿರುತ್ತದೆ? ನಾನು ನಕ್ಷೆ, ಚಿತ್ರಗಳನ್ನು ಮುಂದಿಟ್ಟುಕೊಂಡು ಮನಸ್ಸಿನಲ್ಲಿಯೇ ಎಷ್ಟೋ ಸಲ ನಡೆದಿದ್ದೇನೆ. ಊರ ಅಂಚಿನಲ್ಲಿ ಮೊದಲ ಹೊಡೆತ. ಎದುರಿಗೆ ಸ್ವಿಲ್ಕನ್ ಎಂಬ ಕಿರುತೊರೆ ಅಡ್ಡ ಹರಿಯುತ್ತದೆ. ಚೆಂಡು ಅದನ್ನು ದಾಟಬೇಕು. ಅಲ್ಲಿಂದ ಬಲಗಡೆ ಮರಳುದಿಬ್ಬ, ದಿಬ್ಬದಾಚೆ ಕಡಲು, ಎಡೆಬಿಡದ ಗಾಳಿ. ಮರವೆಂಬುದಿಲ್ಲ. ಹಳದಿ ಹೂವಿನ ಮುಳ್ಳುಪೊದೆ, ಅಲೆಯಲೆಯಾದ ನೆಲ. ಈಡನ್ ನದಿ ಕಡಲು ಸೇರುವ ತಾವಿನವರೆಗೆ ಹೋಗಿ, ಅಲ್ಲಿ ಕೊಕ್ಕೆಯಂತೆ ತಿರುಗಿ, ಊರ ಗೋಪುರಗಳನ್ನು ಕಣ್ಣೆದುರಿಗೆ ಇಟ್ಟುಕೊಂಡು ಹಿಂದಿರುಗಬೇಕು. ಹೋಗುವವರಿಗೂ ಬರುವವರಿಗೂ ಒಂದೇ ಹಸುರು ಹಾಸಿನಲ್ಲಿ ಎರಡು ಕುಳಿಗಳು, ಅಂಥವು ಏಳು. ಎರಡು ಕುಳಿಗಳ ಸಂಖ್ಯೆಯನ್ನು ಕೂಡಿದರೆ ಎಲ್ಲ ಕಡೆಯೂ ಹದಿನೆಂಟೇ: ಎರಡಕ್ಕೆ ಹದಿನಾರು, ಮೂರಕ್ಕೆ ಹದಿನೈದು, ಹೀಗೆ. ಹದಿನಾಲ್ಕನೆಯದರ ದಾರಿಯಲ್ಲಿ ನರಕವೆಂದೇ ಹೆಸರಾದ ಆಳವಾದ ಮರಳುಗುಣಿ. ಹದಿನೇಳನೆಯದರ ಪಕ್ಕದಲ್ಲಿ ಗಾಡಿರಸ್ತೆ. ಚೆಂಡು ರಸ್ತೆಗೆ ಬಿದ್ದರೆ ರಸ್ತೆಯಿಂದಲೇ ಹೊಡೆಯಬೇಕು. ಕೊನೆಗೆ ಪುಟ್ಟ ಕಲ್ಲುಸೇತುವೆ ದಾಟಿ, ಮನೆ ಅಂಗಡಿಗಳ ಎದುರಿಗೇ ಹದಿನೆಂಟನೆಯ ಕುಳಿ. ಅದರ ಹಸುರು ಹಾಸು ಮಾರಿಸರು ಕಟ್ಟಿದ್ದು. ಅದರ ಪಕ್ಕದಲ್ಲಿಯೇ ಅವರ ಕೋಲು ಚೆಂಡುಗಳ ಅಂಗಡಿ. ಮೊದಲನೆಯ ಕುಳಿಗೆ ಬೇರೆಯೇ ಹಾಸು ಮಾಡಿ, ಆಟಗಾರರು ಒಬ್ಬರ ಮೇಲೊಬ್ಬರು ಬೀಳದಂತೆ ದಾರಿಯನ್ನು ಅಗಲಿಸಿದವರೂ ಅವರೇ.

ಭಾನುವಾರ ಅಲ್ಲಿ ಸಾಮಾನ್ಯವಾಗಿ ಆಟವಿಲ್ಲ. ಮಾರಿಸರು ದೈವಭಕ್ತರು, ಚರ್ಚಿನ ಹಿರಿಯರಲ್ಲೊಬ್ಬರು. ಆಡುವವರಿಗೆ ವಿಶ್ರಾಂತಿ ಬೇಡವಾದರೂ ನೆಲಕ್ಕೆ ಬೇಕು ಎಂಬುದು ಅವರ ಹಟ. ಆ ದಿನ ಊರವರು ಮಕ್ಕಳು ನಾಯಿಗಳೊಡನೆ ಅಲ್ಲಿ ಅಡ್ಡಾಡುತ್ತಾರೆ. ಮೈದಾನವನ್ನು ಊರಿನ ಆಡಳಿತ ೧೮೯೪ರಲ್ಲಿ ಮರಳಿ ಕೊಂಡಿತು; ೧೯೭೪ರಿಂದ ಒಂದು ಸಾರ್ವಜನಿಕ ಟ್ರಸ್ಟು ನೋಡಿಕೊಳ್ಳುತ್ತಿದೆ. ಶುಲ್ಕ ತೆತ್ತು, ಚೀಟಿ ಎತ್ತುವಾಗ ಹೆಸರು ಬಂದರೆ ಯಾವ ದೇಶದವನಾದರೂ ಆಡಬಹುದು. ಶುಲ್ಕ ಸಣ್ಣದಲ್ಲ, ನಿಜ. ಆದರೂ ಬಾಗಿಲಲ್ಲಿ ನಿಂತು ನೀನು ಯಾರ ಮಗ ಎಂದು ಕೇಳುವವರಿಲ್ಲ.

ಮಾರಿಸರ ಮಗ ಟಾಮಿ ತಂದೆಯನ್ನೇ ಮೀರಿಸಿದ. ೧೮೬೮ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಓಪನ್ ಗೆದ್ದ. ಎರಡನೆಯ ಸ್ಥಾನದಲ್ಲಿದ್ದವರು ತಂದೆ! ಮುಂದಿನ ಎರಡು ವರ್ಷವೂ ಗೆದ್ದು, ನಿಯಮದಂತೆ ಪಟ್ಟಿಯನ್ನು ಶಾಶ್ವತವಾಗಿ ಮನೆಗೆ ಒಯ್ದ. ಕೊಡಲು ಬಹುಮಾನವೇ ಇಲ್ಲದೆ ೧೮೭೧ರಲ್ಲಿ ಪಂದ್ಯವೇ ನಿಂತಿತು. ೧೮೭೨ರಲ್ಲಿ ಮತ್ತೆ ನಡೆದಾಗ ಗೆದ್ದವನು ಮತ್ತೆ ಅವನೇ. ತಂದೆ ಶ್ರೀಮಂತರೆದುರು ಟೋಪಿ ತೆಗೆದು ನಿಲ್ಲುತ್ತಿದ್ದರು. ಮಗ ತಲೆಯೆತ್ತಿ ನಿಲ್ಲುತ್ತಿದ್ದ. ಹುಲ್ಲು ನೋಡಿಕೊಳ್ಳುವವರ ಮಗ ಆಟಗಾರನಾಗುವುದು ನಮ್ಮ ನಾಡಿಗೂ ಹೊಸದಲ್ಲ. ಬಿಡದಿಯ ಬಳಿಯ ಗಾಲ್ಫ್ ಮೈದಾನದ ಕೆಲಸಗಾರರೊಬ್ಬರ ಮಗ ಎಸ್. ಚಿಕ್ಕರಂಗಪ್ಪ ಇಂದು ದೇಶದ ಹೆಸರಾಂತ ವೃತ್ತಿಪರ ಆಟಗಾರರಲ್ಲಿ ಒಬ್ಬರು.

೧೮೭೪ರ ನವೆಂಬರಿನಲ್ಲಿ ಟಾಮಿ ಮಾರ್ಗರೆಟ್ ಡ್ರಿನನ್ ಎಂಬಾಕೆಯನ್ನು ಮದುವೆಯಾದ. ಆಕೆ ಗಣಿಕೆಲಸದವರ ಮನೆಯ ಹೆಣ್ಣು. ಮರುವರ್ಷ ಸೆಪ್ಟೆಂಬರ್ ೪ರಂದು ತಂದೆಮಗ ಇಬ್ಬರೂ ಕಡಲಿನ ಚಾಚಿನಾಚೆ ನಾರ್ತ್ ಬೆರ್‌ವಿಕ್ಕಿನಲ್ಲಿ ಪಾರ್ಕ್ ಸೋದರರ ಎದುರು ಪಣದ ಪಂದ್ಯ ಆಡುತ್ತಿದ್ದರು. ಇನ್ನೆರಡು ಕುಳಿಗಳು ಉಳಿದಿರುವಾಗ ತಂತಿ ಬಂದಿತು: ಮಾರ್ಗರೆಟ್‌ಗೆ ಹೆರಿಗೆ ಕಷ್ಟವಾಗಿದೆ, ಕೂಡಲೇ ಬರಬೇಕು. ಆಟ ಮುಗಿಸಿ, ಗೆದ್ದು, ಒಬ್ಬ ಸಜ್ಜನರ ಹಾಯಿದೋಣಿಯಲ್ಲಿ ಹೊರಟರು. ಆದರೆ ಮನೆ ಮುಟ್ಟುವ ಮೊದಲೇ ಎರಡನೆಯ ತಂತಿ ಅವರನ್ನು ಮುಟ್ಟಿತ್ತು. ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ.

ಇದನ್ನು ಓದುವಾಗ ನನಗೆ ಮಾರಿಸರ ಮೇಲೆ ಸಿಟ್ಟು ಬಂದಿತು. ಎರಡು ಕುಳಿಗಳೇನು ಮಹಾ? ತಾತನಿಗೆ ಈ ಕಥೆಯನ್ನು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ದುಡ್ಡು ಕಟ್ಟಿದವರು ಸುತ್ತಲೂ ನಿಂತಿರುವಾಗ ಕೂಲಿಯವನು ನಡುವೆ ಬಿಟ್ಟು ಬರುವುದು ಹೇಗೆ, ಮಗುವಿನಂತೆ ಮಾತನಾಡಬೇಡ ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಸಿಟ್ಟು ಪೂರ್ತಿ ಹೋಗಿದೆಯೆಂದೂ ಹೇಳಲಾರೆ.

ಟಾಮಿ ಆ ವರ್ಷದ ಕೊನೆಗೆ ಹಿಮ ಬೀಳುತ್ತಿರುವಾಗಲೂ ಒಂದು ದೀರ್ಘ ಪಂದ್ಯ ಆಡಿ ಗೆದ್ದ. ೧೮೭೫ರ ಕ್ರಿಸ್‌ಮಸ್ ದಿನದ ಬೆಳಗ್ಗೆ ಹಾಸಿಗೆಯಲ್ಲಿ ಸತ್ತು ಮಲಗಿದ್ದ. ವಯಸ್ಸು ಇಪ್ಪತ್ತನಾಲ್ಕು. ಶ್ವಾಸಕೋಶದ ಬಳಿ ರಕ್ತನಾಳ ಒಡೆದುದು ಕಾರಣವೆಂದು ವೈದ್ಯರು, ಎದೆಯೊಡೆದು ಸತ್ತನೆಂದು ಜನರು. ಮನೋವ್ಯಥೆಯಿಂದ ಮನುಷ್ಯ ಸಾಯುವುದಾದರೆ ತಾವೂ ಉಳಿದಿರುತ್ತಿರಲಿಲ್ಲ ಎಂಬರ್ಥದ ಮಾತನ್ನು ತಂದೆ ಆಡಿದರೆಂದು ಹೇಳುತ್ತಾರೆ. ಮುಂದಿನ ವರ್ಷ ಹೆಂಡತಿ ತೀರಿಕೊಂಡರು. ಕಾಲಿಲ್ಲದವನಂತೆ ಬಾಳಿ, ಅಂಗಡಿಯಲ್ಲಿ ಕುಳಿತು ಚೆಂಡು ಮಾಡುತ್ತಿದ್ದ ಮಗ ಜಾನ್ ೧೮೯೩ರಲ್ಲಿ, ಮಗಳು ಎಲಿಜಬೆತ್ ೧೮೯೮ರಲ್ಲಿ, ಇನ್ನೊಬ್ಬ ಮಗ ಜೇಮ್ಸ್ ೧೯೦೬ರಲ್ಲಿ ಹೋದರು. ಹೆತ್ತ ಎಲ್ಲರನ್ನೂ ಮಣ್ಣಿಗೆ ಕೊಟ್ಟು ಮುದುಕರು ಉಳಿದರು.

ಉಳಿದು ಮಾಡಿದ್ದೇನು? ಮುಂಜಾನೆ ಎದ್ದು, ಚಳಿಗಾಲವಾದರೂ ಕಡಲಿನಲ್ಲಿ ಮಿಂದು, ಹಸುರಿನ ಕೆಲಸಕ್ಕೆ ಹೋದರು. ಓಪನ್ ಪಂದ್ಯದಲ್ಲಿ ೧೮೯೫ರಲ್ಲಿಯೂ ಸ್ಪರ್ಧಿಸಿದರು. ಕರೆದ ಊರುಗಳಿಗೆ ಹೋಗಿ, ದಿನಕ್ಕೆ ಒಂದು ಪೌಂಡು ಕೂಲಿಗೆ, ನೆಲ ನೋಡಿ ಮೈದಾನಗಳನ್ನು ಗುರುತುಹಾಕಿ ಕೊಟ್ಟರು: ಡಾರ್ನಕ್, ಮ್ಯೂರ್‌ಫೀಲ್ಡ್, ಐರ್ಲೆಂಡಿನ ಕೌಂಟಿ ಡೌನ್, ಲಾಹಿಂಚ್. ಇಂದು ಅವೆಲ್ಲ ಜಗದ್ವಿಖ್ಯಾತ. ಇಷ್ಟಾದರೂ, ತಾವು ಕಾಯುತ್ತಿದ್ದ ಹಸುರಿನ ಎದುರಿಗೇ ನಿಂತಿರುವ ದೊಡ್ಡ ಕ್ಲಬ್ಬಿನ ಮನೆಯೊಳಗೆ ಸದಸ್ಯರ ಸಮಕ್ಕೆ ಕೂರುವ ಹಕ್ಕು ವೃತ್ತಿಯ ಆಟಗಾರನಿಗೆ ಆಗ ಇರಲಿಲ್ಲ. ೧೯೦೩ರಲ್ಲಿ ಅವರು ಕೆಲಸದಿಂದ ನಿವೃತ್ತರಾದಾಗ ಸರ್ ಜಾರ್ಜ್ ರೀಡ್ ಎಂಬ ಹೆಸರಾಂತ ಕಲಾವಿದರಿಂದ ಅವರ ಚಿತ್ರ ಬರೆಸಿ ಆ ಮನೆಯ ಗೋಡೆಗೆ ತೂಗುಹಾಕಿದರು. ಮನುಷ್ಯನಿಗಿಂತ ಮೊದಲು ಅವನ ಪಟ ಒಳಗೆ ಹೋಯಿತು ಎಂದು ನಾನು ಹೇಳಿದರೆ ಅಧ್ಯಾಪಕರು ಕ್ಷಮಿಸಬೇಕು.

೧೯೦೮ರ ಮೇ ೨೪, ಭಾನುವಾರ. ಎಂಬತ್ತೇಳು ತುಂಬಲು ಕೆಲವು ವಾರಗಳಿದ್ದವು. ಊರಿನ ನ್ಯೂ ಕ್ಲಬ್ಬಿನಲ್ಲಿ ಕುಳಿತಿದ್ದ ಮಾರಿಸರು ಎದ್ದು ಹೋಗುವಾಗ ಒಂದು ಬಾಗಿಲಿಗೆ ಬದಲಾಗಿ ಇನ್ನೊಂದನ್ನು ತೆರೆದು, ನೆಲಮಾಳಿಗೆಯ ಮೆಟ್ಟಿಲುಗಳ ಮೇಲಿಂದ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡರು. ಕೆಥೆಡ್ರಲ್ಲಿನ ಮುರಿದ ಗೋಡೆಯ ಬಳಿ, ಅರವತ್ತು ಗಾಲ್ಫ್ ಸಂಘಗಳು ಹಣ ಕೂಡಿಸಿ ಟಾಮಿಗೆ ನಿಲ್ಲಿಸಿದ್ದ ಕಲ್ಲಿನ ಪ್ರತಿಮೆಯ ಬುಡದಲ್ಲಿ, ಅವರನ್ನು ಮಣ್ಣು ಮಾಡಿದರು. ಹದಿನೆಂಟನೆಯ ಕುಳಿಗೆ ಅವರದೇ ಹೆಸರು. ಭಾನುವಾರಗಳಲ್ಲಿ ಅಲ್ಲಿ ಈಗಲೂ ಸಾಮಾನ್ಯವಾಗಿ ಆಟವಿಲ್ಲ. ಊರ ಮಕ್ಕಳು ಓಡಾಡುತ್ತಾರೆ.